ಮೊದಲ ಸಿನಿಮಾ ಓಟ ಕೊಡುತ್ತದೆ, ಎರಡನೆಯದು?

ಕಾರವಾರದ ಮಾಲಾದೇವಿ ಮೈದಾನದಲ್ಲಿ 100 ಮೀಟರ್ ಓಡುವ ಹುಡುಗಿಯ ಪಾದ ಒಂದೊಂದು ಹೆಜ್ಜೆಗೂ ನೆಲದ ಮೇಲೆ ಇರುವುದು ಹೆಚ್ಚುಕಮ್ಮಿ ಸೆಕೆಂಡಿನ ಹತ್ತನೇ ಒಂದು ಭಾಗ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ. ಪಾದ ನೆಲ ಮುಟ್ಟಿ ಏಳುವುದರೊಳಗೆ ಅದಕ್ಕೆ ಸಿಗುವುದು ಎರಡೋ ಮೂರೋ ಚಿತ್ರ, ಅದೂ ಮಸುಕು. ಅದೇ ಓಟವನ್ನು ಸೆಕೆಂಡಿಗೆ 96 ಚಿತ್ರದಂತೆ ತೆಗೆದು ಮಾಮೂಲಿ ವೇಗದಲ್ಲಿ ತೋರಿಸಿದರೆ ಒಂದು ಸೆಕೆಂಡಿನ ಓಟ ಪರದೆಯ ಮೇಲೆ ನಾಲ್ಕು ಸೆಕೆಂಡು ನಡೆಯುತ್ತದೆ. ಈಗ ಪಾದ ನೆಲದಲ್ಲಿದ್ದಾಗಿನ ಚಿತ್ರಗಳೇ ಒಂಬತ್ತೋ ಹತ್ತೋ. ಹಿಮ್ಮಡಿ ಮೊದಲು ಊರಿತೋ ಪಾದದ ಮುಂಭಾಗವೋ, ಮೊಣಕಾಲು ಎಷ್ಟು ಎದ್ದಿತು, ಕೈ ನೇರ ಬೀಸಿತೋ ಎದೆಗೆ ಅಡ್ಡ ಬಂತೋ, ಎಲ್ಲವೂ ಬಯಲು.

ಕ್ರೀಡೆಯ ಕಥೆ ಮಾಡುವವರು ನಿಜವಾದ ಓಟಗಾರ್ತಿಯನ್ನು ಹುಡುಕಿಕೊಂಡು ಬರುವುದು ಇದಕ್ಕೇ. ನಟಿಗೆ ಮೂರು ತಿಂಗಳು ತರಬೇತಿ ಕೊಟ್ಟು ಸ್ಟಾರ್ಟಿಂಗ್ ಬ್ಲಾಕಿನಿಂದ ಚೆನ್ನಾಗಿಯೇ ಏಳಿಸಬಹುದು. ಐದಾರು ಹೆಜ್ಜೆ ಆಗುವಷ್ಟರಲ್ಲಿ ಸ್ಲೋಮೋಷನ್ ಸುಳ್ಳನ್ನು ಹಿಡಿದುಬಿಡುತ್ತದೆ. ಡ್ಯೂಪ್ ಹಾಕಿದರೆ ಮುಖ ತೋರಿಸುವಂತಿಲ್ಲ. ಮುಖವೂ ಕಾಲೂ ಒಂದೇ ಚೌಕಟ್ಟಿನಲ್ಲಿ ಬೇಕೆಂದರೆ ಓಡುವವಳೇ ಬೇಕು.

ಆದರೆ ಈ ಅನುಕೂಲ ಒಂದು ಸಿನಿಮಾಕ್ಕೆ ಸಾಕಾಗುವಷ್ಟು ಮಾತ್ರ. ಮೈದಾನದಿಂದ ಪರದೆಗೆ ಬಂದವರ ವೃತ್ತಿಯನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಮೊದಲ ಅವಕಾಶ ಪದಕ ನೋಡಿ ಬಂದಿರುತ್ತದೆ. ಎರಡನೆಯದಕ್ಕೆ ಕರೆಯುವವನು ಓಟದ ಸಮಯ ಕೇಳುವುದಿಲ್ಲ, ಮೊದಲನೆಯದರಲ್ಲಿ ಓಡದೆ ಇದ್ದಾಗ ಆಕೆ ಹೇಗಿದ್ದಳು ಎಂದು ನೋಡುತ್ತಾನೆ. ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮನ ಮಾತು ಕೇಳುವ ಒಂದೂವರೆ ನಿಮಿಷ ಹೇಗಿತ್ತು ಎಂಬುದರ ಮೇಲೆ ಮುಂದಿನದು ನಿಂತಿರುತ್ತದೆ. ಶಿರಸಿ, ಕುಮಟಾ, ಹೊನ್ನಾವರದ ಕಡೆ ರಾಜ್ಯಮಟ್ಟದ ಪದಕ ಇಟ್ಟುಕೊಂಡು ಆಡಿಷನ್‌ಗೆ ಹೊರಡುವ ಹುಡುಗಿಯರಿಗೂ ಅವರ ಮನೆಯವರಿಗೂ ಮೊದಲು ಗೊತ್ತಾಗಬೇಕಾದದ್ದು ಇದು.

ಒಂಬತ್ತು ತಿಂಗಳ ಷರತ್ತು

ಈ ವ್ಯವಹಾರವನ್ನು ಸರಿಯಾಗಿ ಅಳೆದವಳು ಅಮೆರಿಕದ ಈಜುಗಾರ್ತಿ ಎಸ್ತರ್ ವಿಲಿಯಮ್ಸ್. 1939ರಲ್ಲಿ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್. ಮುಂದಿನ ವರ್ಷದ ಒಲಿಂಪಿಕ್ಸ್ ಯುದ್ಧದಿಂದಾಗಿ ರದ್ದಾಯಿತು. ಅತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯುತ್ತಿದ್ದ ಅಕ್ವಾಕೇಡ್ ಎಂಬ ಜಲಪ್ರದರ್ಶನಕ್ಕೆ ಸೇರಿದಳು. ಜೊತೆಗಾರ ಜಾನಿ ವೈಸ್‌ಮುಲ್ಲರ್, ಈಜಿನಲ್ಲಿ ಐದು ಒಲಿಂಪಿಕ್ ಚಿನ್ನ ಗೆದ್ದು ಟಾರ್ಜನ್ ಆಗಿದ್ದವನು. ಆ ಕಾಲದ ನಿಯಮದಲ್ಲಿ ಈಜಿಗೆ ಸಂಬಳ ತೆಗೆದುಕೊಂಡವರಿಗೆ ಮತ್ತೆ ಒಲಿಂಪಿಕ್ಸ್ ಇಲ್ಲ. ಹಿಂದಿನ ಬಾಗಿಲು ಮುಚ್ಚಿಕೊಂಡೇ ಮುಂದೆ ಹೋಗಬೇಕಿತ್ತು.

ಅಕ್ವಾಕೇಡ್‌ನಲ್ಲಿ ಆಕೆ ಮೊದಲು ಮಾಡಬೇಕಾಗಿ ಬಂದದ್ದು ಕಲಿತ ಈಜನ್ನು ಮರೆಯುವುದು. ಸ್ಪರ್ಧೆಯ ಫ್ರೀಸ್ಟೈಲ್‌ನಲ್ಲಿ ಮುಖ ನೀರೊಳಗೆ. ಉಸಿರಿಗಾಗಿ ಒಂದು ಮಗ್ಗುಲಿಗೆ ತಿರುಗಿದಾಗ ಅರ್ಧ ಬಾಯಿ ಕಂಡರೆ ಕಂಡಿತು. ನೋಡಲು ಬಂದವರು ದುಡ್ಡು ಕೊಟ್ಟಿರುವುದು ಮುಖಕ್ಕೆ. ಹಾಗಾಗಿ ತಲೆ, ಭುಜ ನೀರಿನ ಮೇಲಿಟ್ಟು, ಬೆನ್ನು ಕಮಾನು ಮಾಡಿ, ನಗುತ್ತ ಈಜಬೇಕು. ತಲೆ ಎತ್ತಿದ ಕೂಡಲೆ ಸೊಂಟ ಇಳಿಯುತ್ತದೆ, ನೀರಿನ ಎಳೆತ ಹೆಚ್ಚುತ್ತದೆ, ಕಾಲು ದುಪ್ಪಟ್ಟು ದುಡಿಯಬೇಕು. ಚಂದ ಕಾಣುವ ಈಜು ವೇಗದ ಈಜಿಗಿಂತ ಸುಸ್ತು ಹೆಚ್ಚು ಮಾಡುತ್ತದೆ. ಕಾಳಿ ನದಿ ಕೊನೆಯಲ್ಲಿ ಬಲೆ ಹಿಡಿದು ತಲೆ ಎತ್ತಿಯೇ ಈಜುವವರಿಗೆ ಇದು ಹೊಸ ಮಾತಲ್ಲ. ಈಜುಕೊಳದಲ್ಲಿ ಕಲಿತವರಿಗೆ ಹೊಸದು.

1941ರಲ್ಲಿ ಎಂಜಿಎಂ ಸ್ಟುಡಿಯೊ ಕರೆದಾಗ ಆಕೆ ಒಪ್ಪಂದದಲ್ಲಿ ಎರಡು ಷರತ್ತು ಬರೆಸಿದಳು. ಒಂದು, ದಿನಾ ಈಜಲು ಬೆವರ್ಲಿ ಹಿಲ್ಸ್ ಹೋಟೆಲಿನ ಕೊಳಕ್ಕೆ ಪ್ರವೇಶ. ಎರಡು, ಒಂಬತ್ತು ತಿಂಗಳು ಕ್ಯಾಮೆರಾ ಮುಂದೆ ನಿಲ್ಲಿಸಬಾರದು, ಆ ಅವಧಿಯಲ್ಲಿ ನಟನೆ, ಹಾಡು, ಉಚ್ಚಾರಣೆಯ ಪಾಠ ಹೇಳಿಸಬೇಕು. ಒಂದರಿಂದ ಮೈ ಉಳಿಯಿತು, ಇನ್ನೊಂದರಿಂದ ಮೈಯ ಆಚೆಗಿನದು ಬಂತು. ಇಂದಿಗೂ ಯಾವ ಕ್ರೀಡಾಪಟುವಿನ ಮೊದಲ ಒಪ್ಪಂದಕ್ಕೂ ಇದಕ್ಕಿಂತ ಒಳ್ಳೆಯ ಎರಡು ಸಾಲು ಹೊಳೆಯುವುದು ಕಷ್ಟ. 1942ರಲ್ಲಿ ಸಣ್ಣ ಪಾತ್ರ, 1944ರ 'ಬೇದಿಂಗ್ ಬ್ಯೂಟಿ'ಯಿಂದ ತಾರೆ. ಸ್ಟುಡಿಯೊ ಆಕೆಗಾಗಿ ಒಳಾಂಗಣದಲ್ಲಿ ದೊಡ್ಡ ಕೊಳವನ್ನೇ ಕಟ್ಟಿಸಿತು. ನೀರಿನಲ್ಲಿ ಕೂದಲು ಚೆದುರದಿರಲು ಬೆಚ್ಚಗಿನ ಎಣ್ಣೆ ಮತ್ತು ವ್ಯಾಸಲೀನ್ ಬೆರೆಸಿ ಮೆತ್ತಿ ಜಡೆ ಕಟ್ಟುತ್ತಿದ್ದರು.

ಅಪಾಯವೂ ಅದೇ ನೀರಿನಲ್ಲಿತ್ತು. ಕಿವಿಯ ತಮಟೆ ಹಲವು ಸಲ ಹರಿಯಿತು. 1952ರ 'ಮಿಲಿಯನ್ ಡಾಲರ್ ಮರ್ಮೇಡ್' ಚಿತ್ರೀಕರಣದಲ್ಲಿ ಸುಮಾರು 50 ಅಡಿ ಎತ್ತರದಿಂದ ಧುಮುಕುವ ದೃಶ್ಯ. ತಲೆಯ ಮೇಲೆ ಲೋಹದ ಕಿರೀಟ. ಬರಿತಲೆಯಲ್ಲಿ ಧುಮುಕುವಾಗ ಚಾಚಿದ ಕೈಗಳು ನೀರನ್ನು ಸೀಳಿ ತಲೆಗೆ ದಾರಿ ಮಾಡುತ್ತವೆ. ಕಿರೀಟದ ಅಗಲ ಆ ದಾರಿಗಿಂತ ದೊಡ್ಡದು. ನೀರು ಅದಕ್ಕೆ ಬಡಿದು ತಲೆಯನ್ನು ಹಿಂದಕ್ಕೆ ಮುರಿಯಿತು. ಕತ್ತಿನ ಮೂರು ಮೂಳೆ ಬಿರುಕುಬಿಟ್ಟು ಸುಮಾರು ಆರು ತಿಂಗಳು ಪ್ಲಾಸ್ಟರಿನಲ್ಲಿ ಕಳೆಯಬೇಕಾಯಿತು. ಆಕೆ ಸಾವಿರಾರು ಸಲ ಧುಮುಕಿದವಳು. ಕೈಕೊಟ್ಟದ್ದು ಧುಮುಕುವ ವಿದ್ಯೆ ಅಲ್ಲ, ಅದಕ್ಕೆ ಅಂಟಿಸಿದ ಆಭರಣ. ಸೆಟ್ಟಿನಲ್ಲಿ ಕ್ರೀಡಾಪಟುಗಳಿಗೆ ಆಗುವ ಪೆಟ್ಟು ಬಹಳಷ್ಟು ಇದೇ ಜಾತಿಯದು: ಗೊತ್ತಿರುವ ಕೆಲಸ, ಗೊತ್ತಿಲ್ಲದ ವೇಷ.

1955ರ 'ಜುಪಿಟರ್ಸ್ ಡಾರ್ಲಿಂಗ್' ಸೋತಿತು, ಎಂಜಿಎಂ ಜೊತೆಗಿನ ನಂಟು ಮುಗಿಯಿತು. ಮರುವರ್ಷ ನೀರೇ ಇಲ್ಲದ ಗಂಭೀರ ಪಾತ್ರ ಮಾಡಿದಳು, ಅದು ಓಡಲಿಲ್ಲ. ಒಂಬತ್ತು ತಿಂಗಳ ಪಾಠ ಹತ್ತು ವರ್ಷಕ್ಕೂ ಹೆಚ್ಚು ಕಾದಿತ್ತು. ಅಷ್ಟೂ ವರ್ಷ ಸ್ಟುಡಿಯೊ ಆಕೆಯನ್ನು ಕೊಳದಿಂದ ಮೇಲೆ ಬಿಟ್ಟಿದ್ದೇ ಕಡಿಮೆ. 60ರ ದಶಕದ ಆರಂಭಕ್ಕೆ ಸಿನಿಮಾ ಬಿಟ್ಟು ಈಜುಡುಗೆ, ಈಜುಕೊಳದ ವ್ಯಾಪಾರಕ್ಕೆ ಹೆಸರು ಕೊಟ್ಟಳು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮೊದಲ ಬಾರಿಗೆ ಸಿಂಕ್ರೊನೈಸ್ಡ್ ಈಜು ಸೇರಿದಾಗ ಟಿವಿ ವೀಕ್ಷಕ ವಿವರಣೆಗೆ ಕೂತವಳು ಇವಳೇ.

ನಾರ್ವೆಯ ಸೋನಿಯಾ ಹೇನಿಯದೂ ಹೆಚ್ಚುಕಮ್ಮಿ ಇದೇ ರೇಖೆ. 1928, 1932, 1936ರ ಮೂರೂ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಚಿನ್ನ, ಅದೇ 1936ರ ಕೊನೆಗೆ ಮೊದಲ ಹಾಲಿವುಡ್ ಚಿತ್ರ. ಕಥೆ ಯಾವುದೇ ಇರಲಿ, ಮಂಜಿನ ಅಂಕಣ ಬಂದೇ ಬರಬೇಕು.

ನಮ್ಮ ಕಡೆಯವರು

ಕರ್ನಾಟಕದಲ್ಲಿ ಈ ಮಾತೆತ್ತಿದರೆ ಮೊದಲ ಹೆಸರು ಕೊಡಗಿನ ಅಶ್ವಿನಿ ನಾಚಪ್ಪ. ಪಿ.ಟಿ. ಉಷಾ ಅವರನ್ನು ಟ್ರ್ಯಾಕಿನಲ್ಲಿ ಹಿಂದಿಕ್ಕಿದ್ದ ಓಟಗಾರ್ತಿ, 1988ರ ಅರ್ಜುನ ಪ್ರಶಸ್ತಿ. 1991ರ ತೆಲುಗು ಚಿತ್ರ 'ಅಶ್ವಿನಿ'ಯಲ್ಲಿ ತಮ್ಮದೇ ಬದುಕಿನ ಕಥೆಗೆ ತಾವೇ ನಾಯಕಿ. ಆಮೇಲೆ ಬಂದ ಚಿತ್ರಗಳಲ್ಲಿ ಒಂದರ ಹೆಸರು 'ಇನ್ಸ್‌ಪೆಕ್ಟರ್ ಅಶ್ವಿನಿ'. ಹೆಸರುಗಳನ್ನೇ ಗಮನಿಸಿ: ಪಾತ್ರ ಬದಲಾದರೂ ಪೋಸ್ಟರಿನಲ್ಲಿ ಮಾರುತ್ತಿದ್ದದ್ದು ಓಟಗಾರ್ತಿಯನ್ನೇ. ಅವರು ಸಿನಿಮಾವನ್ನು ಜೀವನವಿಡೀ ಎಳೆಯದೆ ಕೊಡಗಿಗೆ ಹಿಂದಿರುಗಿ ಗೋಣಿಕೊಪ್ಪದ ಬಳಿ ಕ್ರೀಡೆಗೆ ಒತ್ತು ಕೊಡುವ ಶಾಲೆ ಕಟ್ಟಿದರು. ಲೆಕ್ಕ ಹಾಕಿದರೆ ಅದೇ ಜಾಣತನ.

ಎರಡನೇ ಸಿನಿಮಾದ ಸಮಸ್ಯೆಯನ್ನು ಬಿಡಿಸಿಕೊಂಡವರು ರಿತಿಕಾ ಸಿಂಗ್. ಕಿಕ್‌ಬಾಕ್ಸಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದ ಅವರನ್ನು ಸುಧಾ ಕೊಂಗರ 2016ರಲ್ಲಿ ತಮಿಳು, ಹಿಂದಿ ಎರಡರಲ್ಲೂ ಒಟ್ಟಿಗೆ ತಯಾರಾದ ಬಾಕ್ಸಿಂಗ್ ಚಿತ್ರಕ್ಕೆ ತಂದರು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖ ಸಿಕ್ಕಿತು. ಅದೇ ವರ್ಷ ಮತ್ತೊಂದು ತಮಿಳು ಚಿತ್ರ 'ಆಂಡವನ್ ಕಟ್ಟಳೈ'ಯಲ್ಲಿ ಅವರು ಟಿವಿ ವರದಿಗಾರ್ತಿ. ಗ್ಲೌಸ್ ಇಲ್ಲ, ಹೊಡೆದಾಟ ಇಲ್ಲ. ಬಾಕ್ಸಿಂಗ್ ಚಿತ್ರ ತೆಲುಗಿಗೆ ಹೋದಾಗ ಮತ್ತೆ ಅದೇ ಪಾತ್ರ ಮಾಡಿದರು, ಸರಿ. ಆದರೆ ನಡುವೆ ಆ ವರದಿಗಾರ್ತಿ ಬಂದು ಹೋಗಿದ್ದಳಲ್ಲ, ಅದು ವೃತ್ತಿಯನ್ನು ಅಗಲ ಮಾಡಿತು.

ಪ್ರಾಚಿ ತೆಹ್ಲಾನ್ ಹಿಡಿದದ್ದು ಬೇರೆ ದಾರಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತ ನೆಟ್‌ಬಾಲ್ ತಂಡದ ನಾಯಕಿ, 2016ರಲ್ಲಿ ಹಿಂದಿ ಧಾರಾವಾಹಿ, 2019ರಲ್ಲಿ ಮಲಯಾಳಂನ 'ಮಾಮಾಂಗಂ'. ಧಾರಾವಾಹಿಯನ್ನು ಕೀಳು ಮಾಡಿ ನೋಡುವವರಿದ್ದಾರೆ. ದಿನಕ್ಕೊಂದು ಕಂತಿನಷ್ಟು ಮಾತು ಬಾಯಿಪಾಠ ಮಾಡಿ, ದಿನಕ್ಕೆ ಹತ್ತು ಹನ್ನೆರಡು ತಾಸು ಕ್ಯಾಮೆರಾ ಮುಂದೆ ನಿಂತರೆ ಆರು ತಿಂಗಳಲ್ಲಿ ಆಗುವ ಪಳಗುವಿಕೆ ಎರಡು ಸಿನಿಮಾದಲ್ಲೂ ಆಗುವುದಿಲ್ಲ.

ದೀಪಿಕಾ ಪಡುಕೋಣೆಯನ್ನು ಈ ಸಾಲಿಗೆ ಸೇರಿಸುವುದು ವಾಡಿಕೆ. ಸ್ವಲ್ಪ ತಪ್ಪು. ಅವರು ರಾಷ್ಟ್ರಮಟ್ಟದವರೆಗೆ ಬ್ಯಾಡ್ಮಿಂಟನ್ ಆಡಿದ್ದು ನಿಜ, ತಂದೆ ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಚಾಂಪಿಯನ್. (ಮನೆತನದ ಹೆಸರು ಕುಂದಾಪುರದ ಕಡೆಯ ಪಡುಕೋಣೆಯದು, ಭಟ್ಕಳದಿಂದ ದಕ್ಷಿಣಕ್ಕೆ ಹೊರಟರೆ ದೂರವೇನಿಲ್ಲ.) ಆದರೆ ಆಟ ಬಿಟ್ಟು ಮಾಡೆಲಿಂಗ್‌ಗೆ ಹೋಗಿ, ಅಲ್ಲಿಂದ 2006ರಲ್ಲಿ ಕನ್ನಡದ 'ಐಶ್ವರ್ಯ'ಕ್ಕೆ ಬಂದವರು. ಮೊದಲ ಅವಕಾಶ ರ‍್ಯಾಕೆಟ್ ನೋಡಿ ಸಿಕ್ಕದ್ದಲ್ಲ. ಆಟ ಅವರಿಗೆ ಕೊಟ್ಟದ್ದು ಬೆಳಗ್ಗೆ ಬೇಗ ಏಳುವ ಮೈ.

ಸೆಟ್ಟಿನಲ್ಲಿ ಓಡುವುದು

ಮೈದಾನದಲ್ಲಿ ಓಟ ಒಂದೇ ಸಲ. ಸೆಟ್ಟಿನಲ್ಲಿ ಅದೇ ಓಟ ಹನ್ನೆರಡು ಸಲ, ಹನ್ನೆರಡೂ ಒಂದೇ ಥರ. ಎಲ್ಲ ತೊಂದರೆಯೂ ಇಲ್ಲಿಂದ ಹುಟ್ಟುತ್ತದೆ.

ಪೂರ್ತಿ ವೇಗದ ಓಟದ ಶಕ್ತಿ ಸ್ನಾಯುವಿನಲ್ಲಿ ಕೆಲವೇ ಸೆಕೆಂಡಿಗೆ ಆಗುವಷ್ಟಿರುತ್ತದೆ, ಮತ್ತೆ ತುಂಬಲು ನಿಮಿಷಗಳು ಬೇಕು. ತರಬೇತುದಾರರ ರೂಢಿ ಲೆಕ್ಕ 10 ಮೀಟರಿಗೆ ಒಂದು ನಿಮಿಷ ವಿಶ್ರಾಂತಿ. 60 ಮೀಟರ್ ಓಡಿದರೆ ಆರು ನಿಮಿಷ. ಸೆಟ್ಟಿನಲ್ಲಿ ಎರಡೇ ನಿಮಿಷಕ್ಕೆ "ಒನ್ ಮೋರ್" ಬರುತ್ತದೆ. ಇಲ್ಲವೇ ಬೆಳಕು ಸರಿಯಿಲ್ಲವೆಂದು ನಲವತ್ತು ನಿಮಿಷ ಕೂರಿಸಿ, ಮೈ ತಣ್ಣಗಾದ ಮೇಲೆ ಏಕಾಏಕಿ "ರೆಡಿ" ಅನ್ನುತ್ತಾರೆ. ಎರಡನೆಯದೇ ಹೆಚ್ಚು ಅಪಾಯ. ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿಯುವುದು ಮುಂದೆ ಬೀಸಿದ ಕಾಲನ್ನು ನೆಲಕ್ಕೆ ಊರುವ ಮುಂಚಿನ ಕ್ಷಣದಲ್ಲಿ, ಸ್ನಾಯು ಪೂರ್ತಿ ಚಾಚಿಕೊಂಡೇ ಬ್ರೇಕು ಹಾಕುವಾಗ. ತಣ್ಣನೆಯ ಸ್ನಾಯು ಆ ಎಳೆತ ತಡೆಯುವುದಿಲ್ಲ. ಒಮ್ಮೆ ಹರಿದರೆ ಮೂರರಿಂದ ಆರು ವಾರ, ಜೋರಾಗಿದ್ದರೆ ಇನ್ನೂ ಹೆಚ್ಚು.

ಕಾದು ಕೂತಾಗ ಟ್ರ್ಯಾಕ್ ಪ್ಯಾಂಟ್ ಬಿಚ್ಚಬಾರದು, ಕಾಸ್ಟ್ಯೂಮಿನವರು ಏನೇ ಅನ್ನಲಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಮೊಣಕಾಲೆತ್ತಿ ನಡಿಗೆ, ಕಾಲು ಬೀಸುವುದು, ಎರಡು ಸಣ್ಣ ಓಟ. ಅಸಿಸ್ಟೆಂಟ್ ಡೈರೆಕ್ಟರ್‌ಗೆ ಬೆಳಗ್ಗೆಯೇ ಹೇಳಿಡಬೇಕು: ಶಾಟ್‌ಗೆ ಹದಿನೈದು ನಿಮಿಷ ಮೊದಲು ತಿಳಿಸಿ, ಪೂರ್ತಿ ವೇಗದ ಟೇಕ್ ದಿನಕ್ಕೆ ಆರರಿಂದ ಎಂಟು ಮಾತ್ರ. ಉಳಿದದ್ದನ್ನು 20–30 ಮೀಟರಿನ ತುಂಡುಗಳಾಗಿ, ನೂರಕ್ಕೆ ಎಂಬತ್ತೈದರ ವೇಗದಲ್ಲಿ ತೆಗೆಯಬಹುದು. ಸ್ಲೋಮೋಷನ್‌ನಲ್ಲಿ ನೂರಕ್ಕೂ ಎಂಬತ್ತೈದಕ್ಕೂ ಭೇದ ತಿಳಿಯುವುದು ತರಬೇತುದಾರನ ಕಣ್ಣಿಗೆ ಮಾತ್ರ. ಕ್ಯಾಮೆರಾಮನ್‌ಗೆ ಇದನ್ನು ಹೇಳಿದರೆ ಸಿಟ್ಟಾಗುವುದಿಲ್ಲ, ಖುಷಿಪಡುತ್ತಾನೆ. ನಿಧಾನ ಬಂದಷ್ಟೂ ಫೋಕಸ್ ಹಿಡಿಯುವುದು ಸಲೀಸು.

ಇನ್ನು ನಿಲ್ಲುವುದು. ನಟಿ ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೆ ಟೇಪಿನಲ್ಲಿ ಗುರುತು ಹಾಕಿರುತ್ತಾರೆ, ಅದು ಮಾರ್ಕ್. ಫೋಕಸ್ ಆ ಜಾಗಕ್ಕೆ ಅಳೆದಿಟ್ಟದ್ದು, ಅರ್ಧ ಅಡಿ ದಾಟಿದರೆ ಮುಖ ಮಸುಕು. ಓಟಗಾರ್ತಿಗೆ ವರ್ಷಗಟ್ಟಲೆ ಕಲಿಸಿದ್ದು ಗೆರೆ ದಾಟಿಯೂ ವೇಗ ಇಳಿಸಬೇಡ ಎಂದು. ಪೂರ್ತಿ ವೇಗದಿಂದ ನಿಲ್ಲಲು 20 ಮೀಟರಿಗೂ ಹೆಚ್ಚು ಬೇಕು, ಒಮ್ಮೆಲೇ ಬ್ರೇಕು ಹಾಕಿದರೆ ಮೊಣಕಾಲಿಗೆ ಪೆಟ್ಟು. ಓಡಿಬಂದು ನಿಂತು ಮಾತಾಡುವ ದೃಶ್ಯವಿದ್ದರೆ ಎರಡು ಶಾಟ್ ಮಾಡಿಸಿಕೊಳ್ಳಿ: ಓಟದ್ದು ಬೇರೆ, ಕೊನೆಯ ಐದಾರು ಹೆಜ್ಜೆ ಬಂದು ನಿಲ್ಲುವುದು ಬೇರೆ. ಮಾರ್ಕ್ ನೋಡಲು ತಲೆ ಬಗ್ಗಿಸಿದರೆ ಟೇಕ್ ಹಾಳು. ಲಾಂಗ್‌ಜಂಪ್ ಹುಡುಗಿಯರಿಗೆ ಇಲ್ಲೊಂದು ಅನುಕೂಲವಿದೆ. ಹಲಗೆಯಿಂದ ಹಿಂದಕ್ಕೆ ಹೆಜ್ಜೆ ಎಣಿಸಿ ಓಟದ ಅಳತೆ ಕಟ್ಟುವುದು ಅವರಿಗೆ ನಿತ್ಯದ ಕೆಲಸ. ಮಾರ್ಕ್‌ನಿಂದ ಹಿಂದಕ್ಕೆ ಎಣಿಸಿ ಹೊರಟರೆ ಕಣ್ಣೆತ್ತಿಕೊಂಡೇ ಅದರ ಮೇಲೆ ಬಂದು ನಿಲ್ಲಬಹುದು.

ಒಂದು ಸಿನಿಮಾ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ನಡೆಯುತ್ತದೆ. ಕ್ಲೈಮ್ಯಾಕ್ಸ್ ರೇಸನ್ನು ಕೊನೆಗೆ ಇಡುವುದು ನಿರ್ಮಾಪಕರ ಅಭ್ಯಾಸ, ಖರ್ಚು ಜಾಸ್ತಿ ಎಂದು. ಅಷ್ಟರಲ್ಲಿ ಎರಡು ತಿಂಗಳು ಅಭ್ಯಾಸ ತಪ್ಪಿರುತ್ತದೆ. ದಮ್ಮು ಎರಡು ಮೂರು ವಾರದಲ್ಲೇ ಇಳಿಯತೊಡಗುತ್ತದೆ, ಹಸಿವು ಮಾತ್ರ ಹಾಗೇ ಇರುತ್ತದೆ. ಮೊದಲ ದೃಶ್ಯದ ತೊಡೆಗೂ ಕೊನೆಯ ದೃಶ್ಯದ ತೊಡೆಗೂ ತಾಳೆಯಾಗುವುದಿಲ್ಲ. ಓಟದ ದೃಶ್ಯಗಳನ್ನು ಮೊದಲ ಶೆಡ್ಯೂಲ್‌ನಲ್ಲೇ ಮುಗಿಸಲು ಕೇಳಬೇಕು. ಒಪ್ಪದಿದ್ದರೆ ವಾರಕ್ಕೆ ಎರಡು ಬೆಳಗ್ಗೆಯಾದರೂ ಸಣ್ಣ ಸ್ಪ್ರಿಂಟ್ ಮತ್ತು ಭಾರ ಎತ್ತುವ ಅಭ್ಯಾಸ ಉಳಿಸಿಕೊಳ್ಳಲು ಜಾಗ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಸಮುದ್ರದ ದೃಶ್ಯದ ಮಾತೇ ಬೇಡ. ಮಳೆ ಬಿಟ್ಟ ಮೇಲೂ ಇಳಿತದ ಹೊತ್ತಿಗೆ ನದಿಯ ಬಾಯಲ್ಲಿ ನೀರು ಹೊರಕ್ಕೆ ಎಳೆಯುತ್ತದೆ. ಕೊಳದ ಚಾಂಪಿಯನ್ ಆದರೂ ಅಲ್ಲಿಯ ಮೀನುಗಾರರನ್ನು ಕೇಳದೆ ಇಳಿಯಬಾರದು.

ಸಡಿಲ ದವಡೆ

ಓಟದ ತರಬೇತಿಯಲ್ಲಿ ಮೊದಲ ದಿನದಿಂದ ಕೇಳುವ ಮಾತು: ಮುಖ ಬಿಗಿ ಹಿಡಿಯಬೇಡ, ದವಡೆ ಸಡಿಲ ಬಿಡು. ಹಲ್ಲು ಕಚ್ಚಿದರೆ ಕತ್ತು ಬಿಗಿಯುತ್ತದೆ, ಕತ್ತು ಬಿಗಿದರೆ ಭುಜ, ಭುಜ ಬಿಗಿದರೆ ಕೈ ಬೀಸು ಗಿಡ್ಡ, ಓಟ ನಿಧಾನ. ಹತ್ತು ವರ್ಷ ಹೀಗೆ ಪಳಗಿದ ಮುಖ ಒತ್ತಡ ಬಂದಷ್ಟೂ ಖಾಲಿಯಾಗುತ್ತದೆ. ಅದರ ಮೇಲೆ ನೋವನ್ನು ಪಕ್ಕದ ಲೇನಿನವಳಿಗೆ ತೋರಿಸಬಾರದೆಂಬ ಅಭ್ಯಾಸ. ಪರದೆಯ ಮೇಲೆ ಎರಡೂ ಸೇರಿ "ಈ ಹುಡುಗಿಗೆ ಏನೂ ಅನಿಸುತ್ತಿಲ್ಲ" ಎಂದು ಕಾಣುತ್ತದೆ. ವಿಮರ್ಶಕರು ಕ್ರೀಡಾಪಟು ನಟಿಯರನ್ನು ಮರದ ಬೊಂಬೆ ಎನ್ನುವುದರ ಹಿಂದೆ ಇರುವುದು ಪ್ರತಿಭೆಯ ಕೊರತೆ ಅಷ್ಟಲ್ಲ, ಹಳೆಯ ತರಬೇತಿ ಚೆನ್ನಾಗಿ ಅಂಟಿರುವುದು.

ಇದನ್ನು ಕಳಚಲು ಉತ್ತರ ಕನ್ನಡದಲ್ಲಿ ಇರುವಷ್ಟು ಅನುಕೂಲ ಬೇರೆಡೆ ಕಡಿಮೆ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಮೇಳ, 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ್ದು, ಕಲಿಸುವ ಕೇಂದ್ರವನ್ನೂ ನಡೆಸಿಕೊಂಡು ಬಂದಿದೆ. ಯಕ್ಷಗಾನದ ಮಂಡಿ ಕುಣಿತಕ್ಕೆ ಅಥ್ಲೀಟ್‌ಗಳ ಕಾಲು ಬೇಗ ಒಗ್ಗುತ್ತದೆ. ಕಷ್ಟವಾಗುವುದು ಕಾಲು ಚಂಡೆಗೆ ಓಡುತ್ತಿರುವಾಗಲೇ ಹುಬ್ಬು, ಕಣ್ಣು, ತುಟಿ ಭಾಗವತರ ಪದಕ್ಕೆ ಕೆಲಸ ಮಾಡಬೇಕಾದಾಗ. ಓಟದ ಹುಡುಗಿಗೆ ಬೇಕಾದದ್ದು ಇದೇ: ಮೈ ದಣಿದಷ್ಟೂ ಮುಖ ತುಂಬುವುದು. ಒಂದು ಎಚ್ಚರ ಬೇಕು. ಬಯಲಾಟದ ಮುಖ ಕೊನೆಯ ಸಾಲಿಗೆ ಕಾಣಬೇಕಾದ್ದು, ಕ್ಯಾಮೆರಾ ಮೂರಡಿ ದೂರದಲ್ಲಿರುತ್ತದೆ. ಕಲಿತ ಮೇಲೆ ಕಾಲು ಭಾಗಕ್ಕೆ ಇಳಿಸಿಕೊಳ್ಳಬೇಕು.

ಅದಕ್ಕಿಂತಲೂ ಉಪಯೋಗ ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಅರ್ಥ ಹೇಳಬೇಕು, ಎದುರಾಳಿಯ ಮಾತಿಗೆ ಅಲ್ಲಲ್ಲೇ ಉತ್ತರ ಕಟ್ಟಬೇಕು. ಮೈಯನ್ನು ನಂಬಿ ಬದುಕಿದವರಿಗೆ ಮೈ ಕಟ್ಟಿಹಾಕಿ ಮಾತು ಬಿಡಿಸುವ ಶಿಕ್ಷೆ ಇದು, ಒಳ್ಳೆಯ ಶಿಕ್ಷೆ. ಪೂರ್ಣಾವಧಿಗೆ ಕಲಿಯುವವರಿಗೆ ಶಿರಸಿಯಿಂದ ಘಟ್ಟದ ಮೇಲೇ ಹೋಗಿಬರುವ ದೂರದಲ್ಲಿ ಸಾಗರ ತಾಲೂಕಿನ ಹೆಗ್ಗೋಡಿದೆ. ನೀನಾಸಂ ರಂಗ ಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ರಂಗಕಲೆಯ ಕೋರ್ಸು ಒಂದು ವರ್ಷದ್ದು. ಎಸ್ತರ್ ಕೇಳಿದ ಒಂಬತ್ತು ತಿಂಗಳಿಗೆ ಇದು ಹತ್ತಿರ ಹತ್ತಿರ ಸಮ.

ಧ್ವನಿಯ ಮಾತು ಬೇರೆ. ಕಾರವಾರದ ಮನೆಮಾತು ಬಹಳಷ್ಟು ಕಡೆ ಕೊಂಕಣಿ, ಶಿರಸಿ ಸಿದ್ದಾಪುರದಲ್ಲಿ ಹವಿಗನ್ನಡ, ಅಂಕೋಲೆಯಲ್ಲಿ ಹಾಲಕ್ಕಿ. ಬೆಂಗಳೂರಿನ ಆಡಿಷನ್‌ನಲ್ಲಿ "ಸ್ಲ್ಯಾಂಗ್ ಬರುತ್ತಿದೆ" ಎಂದು ತಳ್ಳುತ್ತಾರೆ, ಅಥವಾ ತೆಗೆದುಕೊಂಡು ಬೇರೆಯವರ ಧ್ವನಿ ಹಾಕಿಸುತ್ತಾರೆ. ಧ್ವನಿ ಬೇರೆಯವರದ್ದಾದರೆ ನಟನೆಯ ಅರ್ಧ ಬೇರೆಯವರದ್ದು. ಒಪ್ಪಂದದಲ್ಲಿ "ಸ್ವಂತ ಧ್ವನಿಯಲ್ಲಿ ಡಬ್ಬಿಂಗ್" ಎಂದು ಬರೆಸಲು ಆಗುವುದಾದರೆ ಬರೆಸಬೇಕು. ಅದಕ್ಕೆ ತಯಾರಿ ಸರಳ: ದಿನಪತ್ರಿಕೆಯ ಒಂದು ಪುಟ ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವುದು, ಮನೆಮಾತಿನ ರಾಗ ಎಲ್ಲಿ ಇಣುಕುತ್ತದೆ ಎಂದು ಗುರುತಿಸುವುದು. ಅಳಿಸಿಹಾಕಲು ಅಲ್ಲ, ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯಲು.

ಓಡಿ ಬಂದು ಏದುಸಿರಿನಲ್ಲಿ ಮಾತಾಡುವ ದೃಶ್ಯದಲ್ಲಿ ನಿಜವಾದ ಏದುಸಿರು ಕೈಕೊಡುತ್ತದೆ. ಮೊದಲ ಟೇಕ್‌ನಲ್ಲಿ ಹೆಚ್ಚು, ಮೂರನೆಯದರಲ್ಲಿ ಕಡಿಮೆ, ಎಡಿಟಿಂಗ್‌ನಲ್ಲಿ ಜೋಡಿಸಲು ಬರುವುದಿಲ್ಲ. ಪ್ರತಿ ಟೇಕ್‌ಗೂ ಮೊದಲು ಎಣಿಸಿ ಇಪ್ಪತ್ತು ಬಸ್ಕಿ, ಆಮೇಲೆ ಎದೆಯ ಮೇಲ್ಭಾಗದಲ್ಲಿ ಮಾತ್ರ ಆಡುವ ಗಿಡ್ಡ ಉಸಿರು. ಹೊಟ್ಟೆಯ ಉಸಿರು ಮಾತಿಗೆ ಮೀಸಲು.

ಆಡಿಷನ್, ಒಪ್ಪಂದ, ಮಾತ್ರೆ

ಈಗ ಮೊದಲ ಸುತ್ತು ಫೋನಿನಲ್ಲೇ ನಡೆಯುತ್ತದೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಊದಿದ ಕಣ್ಣಿನಲ್ಲಿ ನಿಲ್ಲುವ ಬದಲು ಇದೇ ವಾಸಿ. ಫೋನ್ ಅಡ್ಡ ಹಿಡಿದು ಕಣ್ಣಿನ ಎತ್ತರಕ್ಕೆ ಇಡಿ, ಕಿಟಕಿ ಎದುರಿಗಿರಲಿ, ಹಿಂದೆ ಖಾಲಿ ಗೋಡೆ. ಹೆಸರು, ವಯಸ್ಸು, ಎತ್ತರ, ಬರುವ ಭಾಷೆ, ಎರಡೂ ಮಗ್ಗುಲು, ಆಮೇಲೆ ಒಂದು ನಿಮಿಷದ ದೃಶ್ಯ. ಓಟದ ತುಣುಕು ಪ್ರತ್ಯೇಕ: ಪಕ್ಕದಿಂದ, ಸುಮಾರು 15 ಮೀಟರ್ ದೂರ, ಸೊಂಟದ ಎತ್ತರದಲ್ಲಿ ಫೋನ್, ಹತ್ತು ಸೆಕೆಂಡು. ಸಂಗೀತ, ಫಿಲ್ಟರ್ ಬೇಡ. ಪಾತ್ರ ಕೊಡಿಸಲು, ಕಾರ್ಡು ಮಾಡಿಸಲು, ಫೋಟೊ ಆಲ್ಬಂಗೆ ಅಂತ ಯಾರು ದುಡ್ಡು ಕೇಳಿದರೂ ಅಲ್ಲಿಗೇ ಮುಗಿಸಿ. ಈ ವ್ಯವಹಾರದಲ್ಲಿ ದುಡ್ಡು ಬರಬೇಕಾದ್ದು ಕಲಾವಿದೆಯ ಕಡೆಗೆ.

ಕ್ರೀಡಾ ಹಾಸ್ಟೆಲ್‌ನ ಹುಡುಗಿ 14 ವರ್ಷದೊಳಗಿನವಳಾದರೆ ಬಾಲಕಾರ್ಮಿಕ ಕಾನೂನಿನ ನಿಯಮ ಅನ್ವಯಿಸುತ್ತದೆ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಜಿಲ್ಲಾಧಿಕಾರಿಯ, ಅನುಮತಿ ಬೇಕು, ದಿನಕ್ಕೆ ಐದು ತಾಸಿಗಿಂತ ಹೆಚ್ಚಿಲ್ಲ, ಬಿಡುವಿಲ್ಲದೆ ಮೂರು ತಾಸಿಗಿಂತ ಹೆಚ್ಚಿಲ್ಲ, ಸತತ 27 ದಿನ ಮೀರುವಂತಿಲ್ಲ, ಸಂಭಾವನೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಒಪ್ಪಂದದಲ್ಲಿ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ದಿನಗಳ ಲೆಕ್ಕ. ಎಷ್ಟು ದಿನದ ಡೇಟ್ಸ್, ಮೀರಿದರೆ ದಿನಕ್ಕೆ ಎಷ್ಟು, ಪ್ಯಾಚ್‌ವರ್ಕ್ (ಬಿಟ್ಟುಹೋದ ಶಾಟ್‌ಗಳನ್ನು ಆಮೇಲೆ ತೆಗೆಯುವುದು) ಮತ್ತು ಡಬ್ಬಿಂಗ್ ಅದರೊಳಗೋ ಹೊರಗೋ. ಕ್ರೀಡಾಪಟುವಿಗೆ ಇನ್ನೆರಡು ಸಾಲು ಬೇಕೇ ಬೇಕು: ಸೆಟ್ಟಿನಲ್ಲಾದ ಗಾಯದ ಚಿಕಿತ್ಸೆ ಮತ್ತು ಆಮೇಲಿನ ಫಿಸಿಯೊ ಖರ್ಚು ಯಾರದ್ದು, ಯಾವ ದೃಶ್ಯಕ್ಕೆ ಡ್ಯೂಪ್ ಹಾಕಲೇಬೇಕು. ಕ್ರೀಡಾಪಟು ಎಂದ ಕೂಡಲೆ ಬೈಕ್ ಜಿಗಿತ, ಹಗ್ಗದ ಹಾರಾಟ ಎಲ್ಲವನ್ನೂ "ನಿಮಗೇನು ಕಷ್ಟ" ಎಂದು ತಲೆಗೆ ಕಟ್ಟುತ್ತಾರೆ. ಹರ್ಡಲ್ಸ್ ಹಾರುವವಳಿಗೆ ಹಗ್ಗದಲ್ಲಿ ನೇತಾಡುವುದು ಬರಬೇಕೆಂದೇನಿಲ್ಲ. ದುಡ್ಡು ಕಂತಿನಲ್ಲಿ ಬರುತ್ತದೆ, ಕೊನೆಯ ಕಂತು ಡಬ್ಬಿಂಗ್ ಮುಂಚೆ ಕೈಗೆ ಬರುವಂತೆ ಬರೆಸಿಕೊಳ್ಳುವುದು ಅನುಭವಸ್ಥರ ರೂಢಿ. ಡಬ್ಬಿಂಗ್ ಮುಗಿದ ಮೇಲೆ ಕೇಳಿದರೆ ಫೋನ್ ಎತ್ತುವವರಿಲ್ಲ. ಶೇ. 10 ತೆರಿಗೆ ಹಿಡಿದು ಕೊಡುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ. 20. ರಿಟರ್ನ್ಸ್ ಸಲ್ಲಿಸಿದರೆ ಹೆಚ್ಚು ಹಿಡಿದದ್ದು ವಾಪಸು.

ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಕೆಲಸ ಸಿಕ್ಕವರು ಅಡ್ವಾನ್ಸ್ ಮುಟ್ಟುವ ಮೊದಲು ಇಲಾಖೆಯ ಲಿಖಿತ ಅನುಮತಿ ಪಡೆಯಬೇಕು. ರಾಜ್ಯ ಸರ್ಕಾರಿ ನೌಕರರ ನಡತೆ ನಿಯಮದಲ್ಲಿ ಅನುಮತಿಯಿಲ್ಲದೆ ಸಿನಿಮಾ, ಧಾರಾವಾಹಿಯಲ್ಲಿ ನಟಿಸುವಂತಿಲ್ಲ. ಎಸ್ತರ್ ಕಾಲದಂತೆ ಸಂಭಾವನೆ ಪಡೆದರೆ ಕ್ರೀಡೆಯಿಂದ ಹೊರಗೆ ಎಂಬ ಕಾಲ ಹೋಯಿತು. ಈಗ ಕೆಲಸಕ್ಕೆ ಕುತ್ತು ಬರುವುದು ಈ ಅನುಮತಿಯ ಕಾಗದ ಇಲ್ಲದಿದ್ದರೆ. ಕೆಲಸ ಬಿಟ್ಟು ಹೊರಡುವ ಯೋಚನೆ ಇದ್ದರೆ ಜಿಲ್ಲೆಯ ಇನ್ನೊಂದು ನೆನಪೂ ಇರಲಿ. 1987ರಲ್ಲಿ ಕ್ರೀಡಾ ಪ್ರಾಧಿಕಾರ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಮಕ್ಕಳನ್ನು ವಿಶೇಷ ಯೋಜನೆಯಲ್ಲಿ ಆರಿಸಿ ತರಬೇತಿಗೆ ಕರೆದೊಯ್ದಿತು. ಪದಕಗಳೂ ಬಂದವು. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು. ಕ್ರೀಡಾ ಕೋಟಾದ ನೌಕರಿ ಹಿಡಿದವರು ನೆಲೆ ಕಂಡರು, ಉಳಿದವರು ಊರಿಗೆ ಮರಳಿದರು.

ಕೊನೆಯದು ಮಾತ್ರೆಯ ವಿಷಯ. ಇನ್ನೂ ಸ್ಪರ್ಧೆಯಲ್ಲಿರುವವರು ಸೆಟ್ಟಿನಲ್ಲಿ ಯಾರು ಕೊಟ್ಟದ್ದನ್ನೂ ನುಂಗಬಾರದು. ಹಾಡಿಗೆ ಹೊಟ್ಟೆ ಇಳಿಯಲಿ ಎಂದು ಕೊಡುವ ನೀರಿಳಿಸುವ ಮಾತ್ರೆ, ಫ್ಯೂರೋಸೆಮೈಡ್ ಥರದ್ದು, ಸ್ಪರ್ಧೆ ಇರಲಿ ಇಲ್ಲದಿರಲಿ ಸದಾ ನಿಷೇಧಿತ. ಫ್ಯಾಟ್ ಬರ್ನರ್ ಡಬ್ಬಿಯ ಚೀಟಿಯಲ್ಲಿ ಇಲ್ಲದ್ದೂ ಪುಡಿಯಲ್ಲಿರಬಹುದು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (ನಾಡಾ) ನೋಂದಾಯಿತ ಪರೀಕ್ಷಾ ಪಟ್ಟಿಯಲ್ಲಿ ಹೆಸರಿರುವವರು ದಿನಕ್ಕೆ 60 ನಿಮಿಷ ಎಲ್ಲಿ ಸಿಗುತ್ತೇವೆಂದು ಮುಂಚಿತವಾಗಿ ತಿಳಿಸಿರಬೇಕು. ರಾತ್ರಿ ಹನ್ನೊಂದಕ್ಕೆ ಕಾಲ್‌ಶೀಟ್, ಅಂದರೆ ಮರುದಿನದ ಚಿತ್ರೀಕರಣದ ಜಾಗ ಹೊತ್ತಿನ ಪಟ್ಟಿ, ಬದಲಾಗಿ ಬೆಳಗ್ಗೆ ಆರಕ್ಕೆ ಗೋಕರ್ಣದ ಬದಲು ದಾಂಡೇಲಿಗೆ ಹೊರಟರೆ, ವಾಹನ ಹತ್ತುವ ಮೊದಲೇ ಆ ಮಾಹಿತಿ ಬದಲಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಎರಡು ವರ್ಷದವರೆಗೆ ನಿಷೇಧ. ಮಾತ್ರೆ ಮುಟ್ಟಿರಬೇಕೆಂದೇ ಇಲ್ಲ. ಸಿನಿಮಾ ಕುದುರಿತೆಂದು ಆ ಪಟ್ಟಿಯಿಂದ ನಿವೃತ್ತಿ ಬರೆದುಕೊಟ್ಟವರು ಮತ್ತೆ ಓಡಲು ಮನಸ್ಸು ಮಾಡಿದರೆ ಆರು ತಿಂಗಳು ಮೊದಲೇ ಲಿಖಿತ ಸೂಚನೆ ಕೊಟ್ಟು, ಅಷ್ಟೂ ದಿನ ಪರೀಕ್ಷೆಗೆ ಸಿಗುತ್ತಿರಬೇಕು. ಏಪ್ರಿಲ್‌ನ ಕೂಟದಲ್ಲಿ ಓಡಬೇಕೆಂದರೆ ಆ ಪತ್ರ ಹೋಗಬೇಕಾದ್ದು ದಸರೆ ಹೊತ್ತಿಗೆ.